ಕಡತ ಇರುವ ಜಾಗ: ಉಬುಂಟು ಕಲಿತ ನನ್ನ ಅನುಭವ

2019ರಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿಯಾಗಿ ನಿವೃತ್ತಳಾಗುವ ಹೊತ್ತಿಗೆ ನಾನು ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ಬಳಸುತ್ತಿದ್ದೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಅದರ ಜೊತೆಗೆ ಅಮ್ಮನಿಂದಲೂ ಊರಿನ ಹಿರಿಯ ಹೆಂಗಸರಿಂದಲೂ ಬರೆದುಕೊಂಡಿದ್ದ ಮದುವೆ ಹಾಡು, ಆರತಿ ಹಾಡು, ಸೋಬಾನೆ ಪದಗಳನ್ನು ಬಿಡುವು ಸಿಕ್ಕಾಗಲೆಲ್ಲ ಕಂಪ್ಯೂಟರಿಗೆ ಏರಿಸಿದ್ದೆ. ಹಾಗೆ ಸೇರಿದ ಹಾಡುಗಳು ನಾನೂರಕ್ಕೂ ಹೆಚ್ಚು. ಆದರೆ ಆ ಕಡತಗಳು ಯಂತ್ರದೊಳಗೆ ನಿಜವಾಗಿ ಎಲ್ಲಿವೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲಿ ಒತ್ತಬೇಕು, ಅದಾದ ಮೇಲೆ ಎಲ್ಲಿ ಒತ್ತಬೇಕು ಎಂಬ ಕ್ರಮವಷ್ಟೇ ನನಗೆ ಬಾಯಿಪಾಠವಾಗಿತ್ತು. ಪರದೆಯ ಮೇಲಿದ್ದ ಚಿತ್ರವೊಂದು ಕಾಣದಿದ್ದರೆ ಕಡತವೇ ಹೋಯಿತೆಂದು ಎದೆ ಬಡಿದುಕೊಳ್ಳುತ್ತಿತ್ತು.

2020ರ ಜನವರಿ 14ಕ್ಕೆ ನನ್ನ ಯಂತ್ರದಲ್ಲಿದ್ದ ವಿಂಡೋಸ್ 7ಕ್ಕೆ ಸುರಕ್ಷತೆಯ ಪರಿಷ್ಕರಣೆಗಳು ಬರುವುದು ನಿಂತಿತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಅಣ್ಣನ ಮಗ ಸಾಗರದ ಹತ್ತಿರದ ನಮ್ಮ ಊರಿಗೆ ಬಂದು ಉಳಿದ. ನನ್ನ ಯಂತ್ರದಲ್ಲಿದ್ದದ್ದು 4 ಜಿಬಿ ಸ್ಮೃತಿ ಮತ್ತು 500 ಜಿಬಿ ಹಾರ್ಡ್ ಡಿಸ್ಕ್. "ಅತ್ತೆ, ಹೊಸ ಯಂತ್ರ ಕೊಳ್ಳುವುದು ಬೇಡ, ಇದಕ್ಕೇ ಉಬುಂಟು ಹಾಕೋಣ" ಎಂದ. ಉಬುಂಟು ಎಂದರೆ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ, ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಮ್. ಒಂದೇ ಮಾತಿನ ಮೇಲೆ ಒಪ್ಪಿದೆ: ಕೀಲಿಮಣೆ, ಮೌಸ್ ಎರಡೂ ನನ್ನ ಕೈಯಲ್ಲೇ ಇರಬೇಕು, ಅವನು ಪಕ್ಕದಲ್ಲಿ ಕುಳಿತು ಬಾಯಲ್ಲಿ ಮಾತ್ರ ಹೇಳಬೇಕು. ಇಂದಿಗೂ ಕಲಿಯಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಕಲಿಸುವವರು ಮೌಸನ್ನು ತಮ್ಮ ಕೈಗೆ ತೆಗೆದುಕೊಂಡ ಕ್ಷಣದಿಂದ ಕಲಿಯುವವರು ನೋಡುವವರಾಗಿಬಿಡುತ್ತಾರೆ.

ಉಬುಂಟು 20.04 ಆಗಷ್ಟೇ ಬಿಡುಗಡೆಯಾಗಿತ್ತು. ಆ ಸಂಖ್ಯೆಯೇ ಅದರ ಹುಟ್ಟಿದ ತಿಂಗಳು: 2020ನೇ ವರ್ಷ, ನಾಲ್ಕನೆಯ ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಇಂಥ ಆವೃತ್ತಿಗೆ ಐದು ವರ್ಷ ಪರಿಷ್ಕರಣೆ ದೊರೆಯುತ್ತದೆ. ಹುಡುಗ ಅದನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಅದನ್ನು ಚುಚ್ಚಿ, ಯಂತ್ರ ಶುರುವಾಗುವಾಗಲೇ ಪೆನ್‌ಡ್ರೈವಿನಿಂದ ತೆರೆಯುವಂತೆ ಆರಿಸಿದಾಗ, ಹಾರ್ಡ್ ಡಿಸ್ಕಿನಲ್ಲಿದ್ದ ವಿಂಡೋಸನ್ನು ಮುಟ್ಟದೆಯೇ ಬೇರೊಂದು ಪರದೆ ಎದುರು ನಿಂತಿತು. ಯಂತ್ರ ಅದೇ, ಕೀಲಿಮಣೆ ಅದೇ, ಒಳಗೆ ಕೂತು ಎಲ್ಲವನ್ನೂ ನಡೆಸುವುದು ಮಾತ್ರ ಬೇರೆ. ಆಪರೇಟಿಂಗ್ ಸಿಸ್ಟಮ್ ಎಂದರೆ ಏನೆಂದು ಎಷ್ಟೋ ಸಲ ಓದಿದ್ದೆ. ಅದು ಯಂತ್ರದಿಂದ ಬೇರೆಯಾದ ವಸ್ತು ಎನ್ನುವುದು ಮನಸ್ಸಿಗೆ ಇಳಿದದ್ದು ಆ ಸಂಜೆ. ಹೀಗೆ ಪೆನ್‌ಡ್ರೈವಿನಿಂದಲೇ ನಾಲ್ಕು ದಿನ ಬಳಸಿ ನೋಡಿ, ಹಾಡುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಎರಡು ಪ್ರತಿ ಮಾಡಿಟ್ಟು, ಆಮೇಲೆ ಉಬುಂಟುವನ್ನು ಸ್ಥಾಪಿಸಿದೆವು.

ಮೊದಲ ವಾರ ನಾನು ಹುಡುಕಿದ್ದು ಡಿ ಡ್ರೈವನ್ನು. ವಿಂಡೋಸಿನಲ್ಲಿ ಸಿ, ಡಿ ಎಂದು ಬೇರೆ ಬೇರೆ ಕೋಣೆಗಳಿದ್ದವು, ಇಲ್ಲಿ ಅಂಥದ್ದು ಯಾವುದೂ ಕಾಣಲಿಲ್ಲ. ಲಿನಕ್ಸ್ ಆಧಾರಿತ ವ್ಯವಸ್ಥೆಗಳಲ್ಲಿ ಎಲ್ಲದಕ್ಕೂ ಒಂದೇ ಬೇರು, ಅದನ್ನು ಒಂದು ಓರೆಗೆರೆಯಿಂದ ಗುರುತಿಸುತ್ತಾರೆ. ಅದರೊಳಗೆ ಹೋಮ್, ಹೋಮ್ ಒಳಗೆ ನನ್ನ ಹೆಸರಿನ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್. ಡೆಸ್ಕ್‌ಟಾಪ್ ಕೂಡ ಇತರ ಫೋಲ್ಡರುಗಳಂತೆ ಒಂದು ಫೋಲ್ಡರ್ ಎಂದು ತಿಳಿದಾಗ ನನ್ನ ಹಳೆಯ ಅಂಜಿಕೆಯಲ್ಲಿ ಅರ್ಧ ಇಳಿದುಹೋಯಿತು. ಚುಚ್ಚಿದ ಪೆನ್‌ಡ್ರೈವ್ ಕೂಡ ಇದೇ ಮರದ ಒಂದು ಕೊಂಬೆಯಾಗಿ, ಮೀಡಿಯಾ ಎಂಬ ಫೋಲ್ಡರಿನೊಳಗೆ ಬಂದು ಸೇರುತ್ತದೆ. ಅಂಚೆಯ ವಿಳಾಸದಲ್ಲಿ ಮನೆ, ಬೀದಿ, ಊರು, ಜಿಲ್ಲೆ ಎಂದು ಒಳಗಿನಿಂದ ಹೊರಗೆ ಬರೆಯುತ್ತೇವೆ, ಇಲ್ಲಿ ಹೊರಗಿನಿಂದ ಒಳಗೆ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನವೂ ಹತ್ತು ಕಡತಗಳ ಪೂರ್ಣ ವಿಳಾಸವನ್ನು ಬೇರಿನಿಂದ ಹಿಡಿದು ಕೈಯಲ್ಲಿ ಬರೆದೆ. ಎರಡು ವಾರದ ಈ ಅಭ್ಯಾಸ ನನಗೆ ಕೊಟ್ಟಷ್ಟನ್ನು ಬೇರೆ ಯಾವ ಪಾಠವೂ ಕೊಡಲಿಲ್ಲ.

ಹೆಸರಿನ ವಿಷಯದಲ್ಲಿ ಎರಡು ಎಚ್ಚರಗಳನ್ನು ಕಲಿತೆ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳನ್ನು ಈ ವ್ಯವಸ್ಥೆ ಬೇರೆ ಬೇರೆಯಾಗಿಯೇ ಎಣಿಸುತ್ತದೆ, ಆದ್ದರಿಂದ ಮೊದಲಕ್ಷರ ಮಾತ್ರ ಬೇರೆಯಾಗಿರುವ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇರಬಲ್ಲವು. ಹೆಸರು ಚುಕ್ಕಿಯಿಂದ ಆರಂಭವಾದರೆ ಕಡತ ಕಣ್ಣಿಗೆ ಕಾಣುವುದಿಲ್ಲ, ಕಂಟ್ರೋಲ್ ಜೊತೆ ಹೆಚ್ ಒತ್ತಿದರೆ ಕಾಣುತ್ತದೆ.

ಪೆನ್‌ಡ್ರೈವಿನಿಂದ ಒಮ್ಮೆ ಪೆಟ್ಟು ತಿಂದೆ. ಮೂವತ್ತು ಹಾಡುಗಳನ್ನೂ ಅವುಗಳ ಧ್ವನಿಮುದ್ರಣವನ್ನೂ ಅದಕ್ಕೆ ನಕಲು ಮಾಡಿ, ಮುಗಿಯಿತೆಂದು ಪರದೆ ತೋರಿಸಿದ ಕೂಡಲೇ ಕಿತ್ತುಕೊಂಡು ಮುದ್ರಣದ ಅಂಗಡಿಗೆ ಹೋದೆ. ಅಲ್ಲಿ ತೆರೆದರೆ ಕೊನೆಯ ಎಂಟು ಕಡತಗಳು ಖಾಲಿ. ಕೆಲಸ ಬೇಗ ಮುಗಿಯಲೆಂದು ವ್ಯವಸ್ಥೆಯು ಬರೆಯಬೇಕಾದದ್ದನ್ನು ಮೊದಲು ಯಂತ್ರದ ಸ್ಮೃತಿಯಲ್ಲಿ ಇಟ್ಟುಕೊಂಡು, ನಿಧಾನವಾದ ಪೆನ್‌ಡ್ರೈವಿಗೆ ಹಿಂದಿನಿಂದ ಬರೆಯುತ್ತಾ ಹೋಗುತ್ತದೆ. ಹೊರತೆಗೆಯುವ ಗುರುತನ್ನು ಒತ್ತಿದಾಗ ಉಳಿದದ್ದನ್ನೆಲ್ಲ ಬರೆದು ಮುಗಿಸಿ, ಇನ್ನು ತೆಗೆಯಬಹುದು ಎಂದು ತಿಳಿಸುತ್ತದೆ. ಆ ಗುರುತು ಏಕಿದೆ ಎಂಬ ಪ್ರಶ್ನೆಯೇ ಹನ್ನೊಂದು ವರ್ಷ ನನಗೆ ಹೊಳೆದಿರಲಿಲ್ಲ.

ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಬೇಕು ಎನ್ನುವುದರ ಹಿಂದಿನ ಕಾರಣವೂ ಅದೇ. ಮಳೆಗಾಲದಲ್ಲಿ ನಮ್ಮಲ್ಲಿ ವಿದ್ಯುತ್ತು ಯಾವಾಗ ಹೋಗುತ್ತದೆಂದು ಹೇಳಲಾಗದು. ಉಬುಂಟು ಬಳಸುವ ಎಕ್ಸ್ಟ್4 ಎಂಬ ಕಡತ ವ್ಯವಸ್ಥೆಯು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಂಥ ಒಂದು ಜಾಗದಲ್ಲಿ ಗುರುತು ಹಾಕಿಕೊಳ್ಳುವುದರಿಂದ, ನಡುವೆ ಕರೆಂಟು ಹೋದರೂ ಮತ್ತೆ ಶುರುವಾಗುವಾಗ ಆ ದಿನಚರಿಯನ್ನು ನೋಡಿ ತನ್ನನ್ನು ಸರಿಮಾಡಿಕೊಳ್ಳುತ್ತದೆ. ಆದರೆ ಉಳಿಸದೆ ಬಿಟ್ಟ ನನ್ನ ಸಾಲುಗಳನ್ನು ಅದು ಮರಳಿ ಕೊಡಲಾರದು. ಯುಪಿಎಸ್ ಕೊಂಡೆ. ಪ್ರತಿ ಪದ್ಯ ಮುಗಿದಾಗಲೂ ಕಂಟ್ರೋಲ್ ಮತ್ತು ಎಸ್ ಒತ್ತುವುದು ಕೈಗೆ ಅಭ್ಯಾಸವಾಯಿತು.

ಕನ್ನಡದ ವಿಷಯಕ್ಕೆ ಬಂದಾಗ ಕಲಿಕೆ ಆಳವಾಯಿತು. ಸೆಟ್ಟಿಂಗ್ಸ್‌ನಲ್ಲಿ ಬರಿದೇ 'ಕನ್ನಡ' ಎಂದಿದ್ದುದನ್ನು ಸೇರಿಸಿ ಟೈಪ್ ಮಾಡಿದರೆ ಬೆರಳು ಒತ್ತಿದ್ದಕ್ಕೂ ಪರದೆಯ ಮೇಲೆ ಮೂಡಿದ್ದಕ್ಕೂ ಸಂಬಂಧವೇ ಇರಲಿಲ್ಲ. ಅದು ಇನ್‌ಸ್ಕ್ರಿಪ್ಟ್ ವಿನ್ಯಾಸ. ನನ್ನ ಬೆರಳಿಗೆ ಗೊತ್ತಿದ್ದದ್ದು ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿರುವ ವಿನ್ಯಾಸ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುತ್ತೇವೆ. ಅದಕ್ಕಾಗಿ ಐಬಸ್ ಎಂಬ ಬೆರಳಚ್ಚು ವ್ಯವಸ್ಥೆಗೆ ಎಂ17ಎನ್ ಎಂಬ ಪ್ಯಾಕೇಜನ್ನು ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬಂದು, ಪಟ್ಟಿಯಲ್ಲಿ ಕೆಜಿಪಿ ಎಂದಿದ್ದುದನ್ನು ಆರಿಸಿಕೊಂಡೆ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ತಂತ್ರಾಂಶವನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳದೆ ಉಬುಂಟುವಿನ ಭಂಡಾರದಿಂದಲೇ ತರಿಸಿಕೊಳ್ಳುವ ಕ್ರಮವನ್ನೂ ಇದೇ ನೆಪದಲ್ಲಿ ಕಲಿತೆ. ಅಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಸಿಕ್ಕವು.

ನಿಜವಾದ ಕಷ್ಟ ಎದುರಾದದ್ದು ಹಳೆಯ ಹಾಡುಗಳನ್ನು ತೆರೆದಾಗ. ಒಂದು ಅಕ್ಷರವೂ ಕನ್ನಡವಾಗಿರಲಿಲ್ಲ. 'ಕ' ಇರಬೇಕಾದಲ್ಲೆಲ್ಲ ಇಂಗ್ಲಿಷಿನ ದೊಡ್ಡ ಪಿ ಮತ್ತು ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ. ಕಡತಗಳೇ ಹಾಳಾದವೆಂದು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಹಾಳಾಗಿರಲಿಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ದಾಖಲಾಗುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ, ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುವುದು ಫಾಂಟು. ಆ ಫಾಂಟು ಯಂತ್ರದಲ್ಲಿ ಇಲ್ಲವಾದರೆ ಒಳಗಿರುವುದು ಬಯಲಾಗುತ್ತದೆ. ಹಳೆಯ ಫಾಂಟನ್ನು ಉಬುಂಟುವಿಗೆ ಸೇರಿಸಿದ ಕೂಡಲೇ ಹಾಡುಗಳು ಕಂಡವು. ಆದರೆ ಅವುಗಳೊಳಗೆ 'ಹಸೆ' ಎಂಬ ಪದವನ್ನು ಹುಡುಕಿದರೆ ಒಂದೂ ಸಿಗಲಿಲ್ಲ, ಏಕೆಂದರೆ ಯಂತ್ರದ ಪಾಲಿಗೆ ಅಲ್ಲಿ ಕನ್ನಡವೇ ಇರಲಿಲ್ಲ.

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ಹಾಗಲ್ಲ. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಪಾಲು ಮೀಸಲಾಗಿದ್ದು, 'ಕ' ಎಂಬುದು ಯಾವ ಫಾಂಟಿನಲ್ಲಿದ್ದರೂ 'ಕ'ವೇ ಆಗಿರುತ್ತದೆ. ಪರಿವರ್ತಕವೊಂದನ್ನು ಬಳಸಿ ಎಲ್ಲ ಹಾಡುಗಳನ್ನೂ ಯುನಿಕೋಡಿಗೆ ತಂದೆ, ಆಮೇಲೆ ಒಂದೊಂದನ್ನೂ ಓದಿ ತಿದ್ದಿದೆ. ಹೆಚ್ಚು ತಪ್ಪು ಕಂಡದ್ದು ಅರ್ಕಾವತ್ತಿನಲ್ಲಿ. 'ಸೂರ್ಯ' ಎಂದು ಬರೆಯುವಾಗ ಕೈ ಮೊದಲು ಯಕಾರವನ್ನೂ ಆಮೇಲೆ ಅರ್ಕಾವತ್ತನ್ನೂ ಬರೆಯುತ್ತದೆ, ಹಳೆಯ ಫಾಂಟಿನಲ್ಲಿ ದಾಖಲೆಯೂ ಅದೇ ಕ್ರಮದಲ್ಲಿ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ರೇಫ ಮೊದಲು. ಇನ್ನೊಂದು ತಪ್ಪು ನಾನೇ ಮಾಡಿದ್ದು: ಹಲವೆಡೆ ಸೊನ್ನೆಗೆ, ಅಂದರೆ ಅನುಸ್ವಾರಕ್ಕೆ, ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತಿಬಿಟ್ಟಿದ್ದೆ. ಕಣ್ಣಿಗೆ ಎರಡೂ ಒಂದೇ, ಹುಡುಕುವಾಗ ಅವು ಬೇರೆ ಬೇರೆ ಸಂಕೇತಗಳು. ಈ ತಿದ್ದುಪಡಿಗೆ ಎಂಟು ತಿಂಗಳು ಹಿಡಿಯಿತು. ಹಳೆಯ ಫಾಂಟುಗಳಲ್ಲಿ ಅಮೂಲ್ಯ ಬರಹವಿಟ್ಟುಕೊಂಡಿರುವ ಎಲ್ಲರೂ, ಆ ಫಾಂಟುಗಳು ಇನ್ನೂ ಸಿಗುತ್ತಿರುವಾಗಲೇ ಈ ಕೆಲಸ ಮಾಡಿಕೊಳ್ಳಬೇಕೆಂದು ಮನಸಾರೆ ಕೇಳಿಕೊಳ್ಳುತ್ತೇನೆ.

ಯುನಿಕೋಡಿಗೆ ಬಂದ ಮೇಲೆ ಕಡತದ ಹೆಸರನ್ನೂ ಕನ್ನಡದಲ್ಲೇ ಇಡಲು ಶುರುಮಾಡಿ, ಪ್ರತಿ ಹಾಡಿಗೂ ಅದರ ಮೊದಲೆರಡು ಸಾಲುಗಳನ್ನೇ ಹೆಸರಾಗಿ ಕೊಡುತ್ತಾ ಹೋದೆ. ಒಂದು ಹಾಡಿಗೆ ಹೆಸರು ತೀರಾ ಉದ್ದವಾಯಿತೆಂದು ವ್ಯವಸ್ಥೆ ನಿರಾಕರಿಸಿತು. ಲೆಕ್ಕ ಹೀಗಿದೆ: ಒಂದು ಹೆಸರಿಗೆ ಹೆಚ್ಚೆಂದರೆ 255 ಬೈಟು, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಅಂದರೆ 85 ಸಂಕೇತಗಳು. ಕಾಗುಣಿತದ ಚಿಹ್ನೆಯೂ ಒತ್ತೂ ಪ್ರತ್ಯೇಕ ಸಂಕೇತಗಳೇ ಆದ್ದರಿಂದ, ನಾವು ಒಂದಕ್ಷರವೆಂದು ಓದುವ 'ಸ್ತ್ರೀ' ಎಂಬುದು ಆರು ಸಂಕೇತಗಳಾಗಿ 18 ಬೈಟು ಹಿಡಿಯುತ್ತದೆ. ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ಮೂವತ್ತು ವರ್ಷ ಪಾಠ ಮಾಡಿದ ನನಗೆ ಯಂತ್ರವೂ ಅವುಗಳನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತದೆ ಎಂದು ಅರಿತದ್ದು ದೊಡ್ಡ ಸಂತೋಷ ಕೊಟ್ಟಿತು.

ಅಣ್ಣನ ಮೊಮ್ಮಗಳು ಆನ್‌ಲೈನ್ ತರಗತಿಗೆ ನನ್ನ ಯಂತ್ರವನ್ನೇ ಬಳಸತೊಡಗಿದಾಗ ಅವಳಿಗೆ ಬೇರೆ ಖಾತೆ ಮಾಡಿಕೊಟ್ಟೆ. ಪ್ರತಿ ಕಡತಕ್ಕೂ ಒಬ್ಬ ಒಡೆಯ, ಮತ್ತು ಓದುವ, ಬರೆಯುವ, ನಡೆಸುವ ಮೂರು ಬಗೆಯ ಅನುಮತಿ ಇರುತ್ತದೆ. ಆ ಆವೃತ್ತಿಯಲ್ಲಿ ಅವಳು ನನ್ನ ಹಾಡುಗಳನ್ನು ತೆರೆದು ಓದಬಹುದಿತ್ತು, ಬದಲಾಯಿಸಲು ಆಗುತ್ತಿರಲಿಲ್ಲ. ನನಗೆ ಬೇಕಾದದ್ದೂ ಅಷ್ಟೇ.

ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒತ್ತಿದರೆ ಅದು ತೆರೆಯುತ್ತದೆ. ಪಿಡಬ್ಲ್ಯೂಡಿ ಎಂದರೆ ನಾನು ಎಲ್ಲಿದ್ದೇನೆ, ಎಲ್‌ಎಸ್ ಎಂದರೆ ಇಲ್ಲಿ ಏನೇನಿದೆ, ಸಿಡಿ ಎಂದರೆ ಇನ್ನೊಂದು ಫೋಲ್ಡರಿಗೆ ಹೋಗು. ನೋಟ್‌ಬುಕ್ಕಿನಲ್ಲಿ ವಿಳಾಸ ಬರೆದ ಅಭ್ಯಾಸವಿದ್ದುದರಿಂದ ಇವು ಮೂರೇ ದಿನದಲ್ಲಿ ಹಿಡಿತಕ್ಕೆ ಬಂದವು. ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡಿದರೂ ಆ ಆವೃತ್ತಿಯಲ್ಲಿ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುತ್ತಿರಲಿಲ್ಲ, ಅದು ಇದ್ದದ್ದೇ ಹಾಗೆ. ಆರ್‌ಎಂ ಎಂಬ ಆದೇಶದಿಂದ ಅಳಿಸಿದ ಕಡತ ಕಸದ ಬುಟ್ಟಿಗೆ ಹೋಗದೆ ನೇರವಾಗಿ ಅಳಿದುಹೋಗುತ್ತದೆ. ಆದ್ದರಿಂದ ಹಾಡುಗಳಿರುವ ಫೋಲ್ಡರಿನಲ್ಲಿ ನಾನು ಅದನ್ನು ಬಳಸುವುದಿಲ್ಲ.

ಗ್ರೆಪ್ ಎಂಬ ಆದೇಶಕ್ಕಾಗಿ ಮಾತ್ರ ನಾನು ದಿನವೂ ಈ ಕಿಟಕಿಯನ್ನು ತೆರೆಯುತ್ತೇನೆ. ಒಂದು ಪದವನ್ನು ಕೊಟ್ಟರೆ ಅದು ಎಲ್ಲ ಕಡತಗಳನ್ನೂ ಜಾಲಾಡಿ, ಆ ಪದವಿರುವ ಸಾಲುಗಳನ್ನು ಎದುರಿಗೆ ತಂದಿಡುತ್ತದೆ. ಲಿಬ್ರೆಆಫೀಸ್ ಎಂಬ ಬರಹದ ತಂತ್ರಾಂಶದ ಕಡತವು ಒಳಗೆ ಒತ್ತಿ ಕಟ್ಟಿದ ಒಂದು ಗಂಟಾದ್ದರಿಂದ ಗ್ರೆಪ್ ಅದರೊಳಗೆ ಓದಲಾರದು. ಹಾಗಾಗಿ ಪ್ರತಿ ಹಾಡನ್ನೂ ಸರಳ ಪಠ್ಯವಾಗಿ ಇನ್ನೊಮ್ಮೆ ಉಳಿಸಿದೆ. ಆ ಕೆಲಸ ಮುಗಿದ ದಿನ 'ಹಸೆ' ಎಂದು ಕೊಟ್ಟು ನೋಡಿದೆ. ಮದುವಣಗಿತ್ತಿಯನ್ನು ಹಸೆಗೆ ಕರೆಯುವ ಸಾಲುಗಳು ಒಂದರ ಕೆಳಗೊಂದು ಇಳಿದುಬಂದವು, ಪ್ರತಿ ಸಾಲಿನ ಮುಂದೆ ಆ ಹಾಡಿನ ಕಡತ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ. ಅವುಗಳಲ್ಲಿ ಎರಡು ಅಮ್ಮ ಹೇಳಿಕೊಟ್ಟವು. ಒಂದೇ ಹಾಡನ್ನು ಬೇರೆ ಬೇರೆ ವರ್ಷ ಬೇರೆ ಬೇರೆ ಪಾಠದಲ್ಲಿ ಹೇಳಿದ್ದರೆಂದು ಅವನ್ನು ಅಕ್ಕಪಕ್ಕ ಇಟ್ಟು ಓದಿದಾಗ ಗೊತ್ತಾಯಿತು, ಈಗ ಎರಡನ್ನೂ ಉಳಿಸಿಕೊಂಡಿದ್ದೇನೆ.