ಪಟ್ಟಿಪಟ್ಟಿಯಾಗಿ ಕದಡಿದ ಹಾಳೆ

ಕಾಗದದ ಗಿರಣಿಯ ಆ ರಾತ್ರಿ ಪಾಳಿಯಲ್ಲಿ ಹಾಳೆ ಮೂರನೆಯ ಬಾರಿ ತುಂಡಾದಾಗ, ಒದ್ದೆ ಹಾಳೆಯ ನೀರನ್ನು ರೋಲುಗಳ ನಡುವೆ ಹಿಂಡುವ ಪ್ರೆಸ್ ವಿಭಾಗದ ಹೊಣೆ ಹೊತ್ತಿದ್ದ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಪ್ರೆಸ್ಸಿನ ನಡುವಿನ ಸೆಂಟರ್ ರೋಲಿನಿಂದ ಹಾಳೆ ಸುಲಭವಾಗಿ ಬಿಡುತ್ತಿಲ್ಲವೆಂದು ಭಾವಿಸಿ ಡ್ರಾ, ಅಂದರೆ ಹಾಳೆಯನ್ನು ಮುಂದಕ್ಕೆ ಎಳೆಯುವ ವೇಗದ ವ್ಯತ್ಯಾಸವನ್ನು, ಹೆಚ್ಚಿಸಿದೆ. ಒದ್ದೆ ಹಾಳೆಯ ಮೇಲೆ ಎಳೆತ ಏರಿದಂತೆ ತುಂಡಾಗುವುದೂ ಹೆಚ್ಚಿತು. ಬಳಿಕ ಮೊದಲನೆಯ ಪ್ರೆಸ್ಸಿನ ಒತ್ತಡ ತಗ್ಗಿಸಿದಾಗ ಹಾಳೆ ಓಡಿತು ನಿಜ, ಆದರೆ ಹಾಳೆಯನ್ನು ಹಬೆಯಿಂದ ಒಣಗಿಸುವ ಡ್ರೈಯರಿಗೆ ಹೋಗುವ ನೀರೂ ಹೆಚ್ಚಿತು. ಪ್ರೆಸ್ಸಿನಿಂದ ಹೊರಬರುವ ಹಾಳೆಯ ಒಣಾಂಶ ಶೇ 1ರಷ್ಟು ಇಳಿದರೆ ಹಬೆಯ ಬಳಕೆ ಸುಮಾರು ಶೇ 4ರಷ್ಟು ಏರುತ್ತದೆಂಬುದು ನಮ್ಮ ವೃತ್ತಿಯ ಬಾಯಿಲೆಕ್ಕ. ಅದರಂತೆ ನಾನು ಹಾಳೆಯನ್ನು ಓಡಿಸಿದ್ದು ಸಾಲದ ಮೇಲೆ.

ಆಮೇಲೆ ತುಂಡಾದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದನ್ನೇ ಮೊದಲು ಮಾಡಬೇಕಿತ್ತು. ನಾರುಗಳು ಮೋಡಮೋಡವಾಗಿ ಕದಡಿದ್ದವು, ಅಂದರೆ ಕ್ರಷಿಂಗ್ ಆಗಿತ್ತು. ಎರಡು ರೋಲುಗಳು ಒತ್ತಿಕೊಳ್ಳುವ ನಿಪ್ಪಿನಲ್ಲಿ ಹಿಂಡಿದ ನೀರಿಗೆ, ಹಾಳೆಯ ಜೊತೆ ಸುತ್ತುತ್ತ ನೀರು ಹೀರುವ ದಪ್ಪ ಬಟ್ಟೆಯಾದ ಫೆಲ್ಟ್ ಒಳಗೆ ದಾರಿ ಕೊಡದಿದ್ದರೆ ಆ ನೀರು ಹಿಂದಕ್ಕೆ ನುಗ್ಗಿ, ಇನ್ನೂ ಬಿಗಿಯಾಗದ ನಾರುಗಳನ್ನು ಅಲುಗಿಸಿಬಿಡುತ್ತದೆ. ಇಡೀ ಅಗಲಕ್ಕೆ ಹೀಗಾಗಿದ್ದರೆ ಪ್ರೆಸ್ಸಿಗೂ ಮೊದಲು ಜಾಲರಿಯ ಮೇಲೆ ಹಾಳೆ ರೂಪುಗೊಳ್ಳುವ ವೈರ್ ಭಾಗದಲ್ಲಿ ನೀರೆಳೆಯುವ ವ್ಯಾಕ್ಯೂಮನ್ನೋ ಪಲ್ಪು ನೀರು ಬಸಿಯುವ ಗುಣವನ್ನೋ ಶಂಕಿಸುತ್ತಿದ್ದೆ. ಒಂದೇ ಅಂಚಿನಲ್ಲಾಗಿದ್ದರೆ ರೋಲಿನ ಎರಡು ತುದಿಗಳ ಒತ್ತಡವನ್ನು ಹೋಲಿಸುತ್ತಿದ್ದೆ. ಇಲ್ಲಿ ಸಮಾನ ಅಂತರದ ಉದ್ದುದ್ದ ಪಟ್ಟಿಗಳಿದ್ದವು. ಟೇಪು ಹಿಡಿದು ಅಳೆದಾಗ ಆ ಅಂತರ ಫೆಲ್ಟ್ ತೊಳೆಯುವ ಹೈ ಪ್ರೆಷರ್ ಶವರಿನ ನಾಜಲ್‌ಗಳ ಅಂತರಕ್ಕೆ ತಾಳೆಯಾಯಿತು.

ಹೋಗಿ ನೋಡಿದರೆ, ಶವರ್ ಪೈಪನ್ನು ಅತ್ತಿತ್ತ ಸರಿಸುವ ಆಸಿಲೇಟರ್ ನಿಂತುಹೋಗಿತ್ತು. ಫೆಲ್ಟ್ ಒಂದು ಸುತ್ತು ಬರುವಷ್ಟರಲ್ಲಿ ಒಂದು ಧಾರೆಯ ಅಗಲದಷ್ಟು ಸರಿಯಬೇಕಾದ ಸೂಜಿಧಾರೆಗಳು ಅವೇ ಗೆರೆಗಳ ಮೇಲೆ ಬೀಳುತ್ತ ಅಲ್ಲಿ ಫೆಲ್ಟನ್ನು ಸವೆಸಿದ್ದವು. ನಡುವಿನ ಜಾಗ ಸಣ್ಣ ನಾರು, ಕಾಗದಕ್ಕೆ ಬೆರೆಸುವ ಫಿಲ್ಲರ್ ಪುಡಿ, ಮರದ ಅಂಟಾದ ಪಿಚ್ ತುಂಬಿ ಕಟ್ಟಿಕೊಂಡಿತ್ತು. ಫೆಲ್ಟಿನಿಂದ ನೀರು ಹೀರಿ ತೆಗೆಯುವ ಯೂಲ್ ಬಾಕ್ಸಿನ ಗೇಜು ಎಂದಿಗಿಂತ ಹೆಚ್ಚು ವ್ಯಾಕ್ಯೂಮ್ ತೋರಿಸುತ್ತಿದ್ದುದನ್ನು ಪಾಳಿಯ ಆರಂಭದಲ್ಲೇ ಕಂಡು ಸಮಾಧಾನಪಟ್ಟಿದ್ದೆ. ಫೆಲ್ಟ್ ಮುಚ್ಚಿಕೊಂಡು ಗಾಳಿ ಹಾಯದಿದ್ದಾಗಲೂ ಮುಳ್ಳು ಹಾಗೆಯೇ ಏರುತ್ತದೆ, ಹೊರಬರುವ ನೀರು ಮಾತ್ರ ಇಳಿಯುತ್ತದೆ. ಅಂದಿನಿಂದ ಗೇಜಿನ ಜೊತೆಗೆ ಬಸಿದ ನೀರನ್ನೂ ನೋಡದೆ ಲಾಗ್ ಪುಸ್ತಕದಲ್ಲಿ ಏನನ್ನೂ ಬರೆಯುವುದಿಲ್ಲ.

ಶವರಿನ ಒತ್ತಡ ಹೆಚ್ಚಿಸಿ ಬೇಗ ತೊಳೆಯೋಣವೆಂಬ ಸಲಹೆ ಬಂತು. ಈಗಾಗಲೇ ಸವೆದ ಫೆಲ್ಟ್ ಇನ್ನಷ್ಟು ನಾರು ಉದುರಿಸುತ್ತದೆಂದು ನಾನು ಒಪ್ಪಲಿಲ್ಲ. ಯಂತ್ರ ನಿಲ್ಲಿಸಿ ಆಸಿಲೇಟರ್ ಸರಿಪಡಿಸಿ, ಫೆಲ್ಟನ್ನು ರಾಸಾಯನಿಕದಿಂದ ತೊಳೆದ ಮೇಲೆ ಪ್ರೆಸ್ಸಿನ ಒತ್ತಡವನ್ನು ಹಂತಹಂತವಾಗಿ ಮೊದಲಿನ ಮಟ್ಟಕ್ಕೆ ತಂದೆವು. ಸವೆದ ಗೆರೆಗಳ ಗುರುತು ಮಾತ್ರ ಹಾಳೆಯ ಮೇಲೆ ತೆಳುವಾಗಿ ಉಳಿದಿತ್ತು. ಮುಂದಿನ ನಿಗದಿತ ನಿಲುಗಡೆಯಲ್ಲಿ ಫೆಲ್ಟ್ ಬದಲಿಸಿದ ಮೇಲಷ್ಟೇ ಅದು ಹೋಯಿತು.