ಊರಿನ ವೀರಗಲ್ಲು ಉಳೀಬೇಕಾ, ಪಂಚಾಯ್ತಿ ನಡಾವಳಿಯಲ್ಲಿ ಬರೆಸಿ

ಕೆರೆ ಏರಿ ಮೇಲೋ ಹನುಮಪ್ಪನ ಗುಡಿ ಹಿಂದೆನೋ ಅರ್ಧ ಹೂತೋಗಿರೋ ಕಲ್ಲು ಇರುತ್ತಲ್ಲ, ಕೆಳಗೆ ಕತ್ತಿ ಹಿಡಿದ ವೀರ, ಮಧ್ಯ ಅವನನ್ನ ಕರ್ಕೊಂಡು ಹೋಗೋ ಅಪ್ಸರೆಯರು, ಮೇಲೆ ಲಿಂಗ, ಅದೇ ವೀರಗಲ್ಲು, ಹೋರಾಡಿ ಸತ್ತವನ ನೆನಪಿಗೆ ನಿಲ್ಸಿದ್ದು. ತುರುಗೋಳಲ್ಲಿ, ಅಂದ್ರೆ ದನ ಹೊಡ್ಕೊಂಡು ಹೋಗೋ ದಾಳಿಲಿ, ಊರ ದನ ಬಿಡಿಸೋಕೆ ಹೋಗಿ ಸತ್ತವನದ್ದೂ ಇರ್ಬೋದು. ನಮ್ ಕಡೆ ಒಂದರ ಮೇಲೆ ಬಟ್ಟೆ ಒಗೀತಿದ್ರು, ನಾನೂ ಅದರ ಮೇಲೆ ನಿಂತು ಕಾಲು ತೊಳ್ದಿದೀನಿ, ಗೊತ್ತಿರ್ಲಿಲ್ಲ ಅಷ್ಟೆ.

ಮೊದ್ಲು ಎಲ್ಲಾ ಕಡೆಯಿಂದ ಫೋಟೋ ತೆಗೀರಿ, ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ತೆಗೆದ್ರೆ ಅಕ್ಷರ ಕಾಣುತ್ತೆ, ಅಕ್ಷರ ಜಾಸ್ತಿ ಇರೋದು ಚಿತ್ರಗಳ ನಡುವಿನ ಪಟ್ಟಿಲಿ. ಸರ್ವೆ ನಂಬರ್, ಜಾಗ ಯಾರದ್ದು ಅಂತ ಬರ್ಕೊಳ್ಳಿ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲೂಕುವಾರು ಇವೆ, ನಿಮ್ಮೂರಿನ ಶಾಸನದ ನಂಬರ್ ಸಿಕ್ರೆ ಅರ್ಜಿಗೆ ತೂಕ ಬರುತ್ತೆ.

ಆಮೇಲೆ ವಾರ್ಡ್ ಸಭೆ, ಅಲ್ಲಿಂದ ಗ್ರಾಮ ಸಭೆ. ಅಧ್ಯಕ್ಷರು "ಆಯ್ತು ಬಿಡಪ್ಪ, ಮಾಡ್ಸೋಣ" ಅಂದ ತಕ್ಷಣ ಖುಷಿಯಾಗಿ ಎದ್ದು ಬರ್ಬೇಡಿ, ಠರಾವು ಆಗಿ ನಡಾವಳಿ ಪುಸ್ತಕಕ್ಕೆ ಏರ್ಬೇಕು, ಇಲ್ಲಾಂದ್ರೆ ಮುಂದಿನ ಬಾಡಿ ಬಂದಾಗ ಮತ್ತೆ ಮೊದಲಿಂದ ಶುರು. ಪಿಡಿಒ "ಇದು ನಮಗೆ ಬರಲ್ಲ" ಅಂದ್ರೆ, ಸಂವಿಧಾನದ 11ನೇ ಅನುಸೂಚಿಲಿ ಪಂಚಾಯ್ತಿಗಳಿಗೆ ಕೊಡಬಹುದಾದ 29 ವಿಷಯಗಳಲ್ಲಿ ಸಾಂಸ್ಕೃತಿಕ ಚಟುವಟಿಕೆನೂ ಇದೆ ಅಂತ ಮೆತ್ತಗೆ ಹೇಳಿ. ಜಗಳ ಬೇಡ, ನಾಳೆ ಖಾತೆಗೂ ಅವರ ಹತ್ರಾನೇ ಹೋಗ್ಬೇಕು.

ಏನು ಕೇಳ್ಬೇಕು ಅಂದ್ರೆ ಸಣ್ಣದು ಕೇಳಿ. ಸುತ್ತ ಬೇಲಿ, ಒಂದು ಬೋರ್ಡು, ಕ್ರಿಯಾ ಯೋಜನೆಲಿ ಸಾಲೊಂದು. ಕಲ್ಲು ಎತ್ತಿ ಬೇರೆ ಕಡೆ ನಿಲ್ಸೋದು, ತೊಳೆಯೋದು ಎಲ್ಲ ಪುರಾತತ್ವ ಇಲಾಖೆಗೆ ಪತ್ರ ಬರೆದು ಕೇಳಿದ ಮೇಲೇ. ಪ್ರೀತಿ ಉಕ್ಕಿ ಪೇಂಟ್ ಹೊಡೀತಾರಲ್ಲ, ದಯವಿಟ್ಟು ಅದು ಬೇಡ, ಬುಡಕ್ಕೆ ಸಿಮೆಂಟೂ ಬೇಡ, ಅಕ್ಷರ ಎಲ್ಲ ಮುಚ್ಚೋಗುತ್ತೆ. ನಿಧಿ ಇದೆ ಅಂತ ಅಗೆಯೋರು ಬೇರೆ ಇದಾರೆ, ಹಂಗಾಗಿ ಫೋಟೋ ಎಲ್ಲಾ ಗ್ರೂಪಿಗೂ ಹಾಕೋ ಮುಂಚೆ ಯೋಚ್ನೆ ಮಾಡಿ.

ನಡಾವಳಿ ನಕಲು ಕೊಡ್ಲಿಲ್ವಾ, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಆ ನಕಲಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಇಟ್ಕೊಳ್ಳಿ, ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂದ ದಿನ ಕಂಟ್ರಾಕ್ಟರ್ ಕೈಗೆ ಕೊಡೋಕೆ ಬೇಕಾಗುತ್ತೆ.