ದೋಣಿಯ ಶೌಚಾಲಯ ಕೈಕೊಟ್ಟಾಗ: ಪಂಪು ಬಿಚ್ಚುವ ಮೊದಲು ಪೈಪು ನೋಡಿ

ದೋಣಿಯ ಶೌಚಾಲಯ ಕೆಟ್ಟಿತೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಪಂಪಿಗೆ. ಬಿಚ್ಚಿ, ರಬ್ಬರುಗಳನ್ನೆಲ್ಲ ಬದಲಿಸಿ, ಮತ್ತೆ ಜೋಡಿಸುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಅದೇ ಗೋಳು, ಅದೇ ನಾತ. ಎಷ್ಟೋ ಸಲ ಪಂಪಿನದು ತಪ್ಪೇ ಇರುವುದಿಲ್ಲ. ತಪ್ಪು ಅದರ ಆಚೆಗಿನ ಪೈಪಿನಲ್ಲಿ, ಇಲ್ಲವೇ ಟ್ಯಾಂಕಿನ ಗಾಳಿಕೊಳವೆಯಲ್ಲಿ ಅಡಗಿ ಕುಳಿತಿರುತ್ತದೆ.

ಆದ್ದರಿಂದ ಮೊದಲು ಟಾರ್ಚ್ ಹಿಡಿದು ನೀರು ಹೋಗುವ ದಾರಿಯನ್ನು ಗುರುತಿಸಿಕೊಳ್ಳಿ. ದೋಣಿಯ ತಳದ ತೂಬಿನಿಂದ ಹೊರಗಿನ ನೀರು ಸಾಮಾನ್ಯವಾಗಿ 19 ಮಿ.ಮೀ. ಪೈಪಿನಲ್ಲಿ ಕೈಪಂಪಿಗೆ ಬಂದು ಕಮೋಡಿಗೆ ಬೀಳುತ್ತದೆ. ಕಮೋಡಿನಿಂದ ಹೊರಟ ಮಲಿನ 38 ಮಿ.ಮೀ. ಪೈಪಿನಲ್ಲಿ ಸಂಗ್ರಹ ಟ್ಯಾಂಕು ಸೇರುತ್ತದೆ. ಟ್ಯಾಂಕಿನಿಂದ ಒಂದು ಪೈಪು ಡೆಕ್ಕಿನ ಮುಚ್ಚಳಕ್ಕೆ ಹೋಗುತ್ತದೆ. ದಡದ ಯಂತ್ರ ಅಲ್ಲಿಂದಲೇ ಹೀರಿಕೊಳ್ಳುವುದು. ಕೆಲವು ದೋಣಿಗಳಲ್ಲಿ ಹೊರಕ್ಕೆ ಬಿಡುವ ಇನ್ನೊಂದು ತೂಬೂ ಇರುತ್ತದೆ. ಇವೆಲ್ಲದರ ನಡುವೆ ಯಾರ ಕಣ್ಣಿಗೂ ಬೀಳದ ಸಣ್ಣದೊಂದು ಕೊಳವೆ ಟ್ಯಾಂಕಿನ ನೆತ್ತಿಯಿಂದ ದೋಣಿಯ ಪಕ್ಕೆಗೆ ಹೋಗಿರುತ್ತದೆ. ಅದೇ ಗಾಳಿಕೊಳವೆ.

ಇನ್ನು ಲಕ್ಷಣ ಗಮನಿಸಿ. ಪಂಪು ಹೊಡೆದು ಮುಗಿಸಿದ ಮೇಲೆ ಕೊಳಕು ನೀರು ಕಮೋಡಿಗೆ ಮರಳಿ ಬಂದರೆ ಹಿಮ್ಮುಖ ತಡೆಯುವ ರಬ್ಬರ್ ವಾಲ್ವ್ ಸವೆದಿದೆ. ಹಿಡಿಕೆಯ ದಂಡದ ಬುಡದಲ್ಲಿ ನೀರು ಜಿನುಗಿದರೆ ದಂಡದ ಸೀಲ್ ಹೋಗಿದೆ. ಹಿಡಿಕೆ ಒತ್ತಲು ಮೈಭಾರವನ್ನೆಲ್ಲ ಹಾಕಬೇಕಾದರೆ ಪೈಪಿನೊಳಗೆ ಗಟ್ಟಿ ಪದರ ಕಟ್ಟಿದೆ, ಅಥವಾ ಗಾಳಿಕೊಳವೆ ಮುಚ್ಚಿದೆ. ಯಾರೂ ಮುಟ್ಟದಿದ್ದಾಗಲೂ ಕಮೋಡಿನಲ್ಲಿ ಹೊರಗಿನ ನೀರು ತಾನಾಗಿ ಏರುತ್ತಿದ್ದರೆ ಮಾತ್ರ ತಡಮಾಡಬೇಡಿ, ತೂಬುಗಳನ್ನು ಆಗಿಂದಾಗಲೇ ಮುಚ್ಚಿ. ಕಮೋಡಿನ ಅಂಚು ನೀರಿನ ಮಟ್ಟಕ್ಕಿಂತ ಕೆಳಗಿರುವ ದೋಣಿ ಈ ಒಂದು ದೋಷದಿಂದಲೇ ಮುಳುಗಬಲ್ಲದು.

ನಾತ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಹಳೆಯ ಉಪಾಯವೊಂದಿದೆ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಪೈಪಿಗೆ ಸುತ್ತಿ, ಆರುವವರೆಗೆ ಬಿಡಿ. ಆಮೇಲೆ ಅದನ್ನು ಹೊರಗೆ ಒಯ್ದು ಮೂಸಿ. ಬಟ್ಟೆ ನಾರಿದರೆ ಪೈಪಿನ ಗೋಡೆಯೇ ವಾಸನೆ ಹೀರಿಕೊಂಡಿದೆ ಎಂದು ಅರ್ಥ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ; ಪೈಪನ್ನೇ ಬದಲಿಸಬೇಕು. ಇನ್ನೊಂದು ಮಾತು: ಬಹಳ ದಿನದ ಮೇಲೆ ಮೊದಲ ಸಲ ಪಂಪು ಹೊಡೆದಾಗ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದರೆ ಟ್ಯಾಂಕನ್ನು ಬೈಯಬೇಡಿ. ಒಳಬರುವ ಪೈಪಿನಲ್ಲಿ ನಿಂತ ಸಮುದ್ರದ ನೀರಿನ ಸೂಕ್ಷ್ಮಜೀವಿಗಳು ಸತ್ತು ಕೊಳೆತಿರುತ್ತವೆ, ಅಷ್ಟೇ. ದೋಣಿ ಬಿಟ್ಟು ಹೋಗುವ ಮುನ್ನ ಸಿಹಿನೀರು ಹಾಯಿಸಿದರೆ ಆ ಕಾಟ ತಪ್ಪುತ್ತದೆ.

ಬಿಚ್ಚುವ ದಿನ ಟ್ಯಾಂಕನ್ನು ಯಂತ್ರದಿಂದ ಖಾಲಿ ಮಾಡಿಸಿ, ಸಿಹಿನೀರು ತುಂಬಿಸಿ ಮತ್ತೊಮ್ಮೆ ಖಾಲಿ ಮಾಡಿಸಿ. ತೂಬುಗಳನ್ನೆಲ್ಲ ಮುಚ್ಚಿ, ಕಿಟಕಿ ಬಾಗಿಲು ತೆರೆದಿಡಿ. ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ನೆಮ್ಮದಿಪಡುವಂತಿಲ್ಲ. ಪೈಪಿನಲ್ಲಿ ಉಳಿದಿರುವುದನ್ನೂ ಮರೆಯಬೇಡಿ. 38 ಮಿ.ಮೀ. ಪೈಪಿನ ಪ್ರತಿ ಮೀಟರಿನಲ್ಲಿ ಒಂದು ಲೀಟರಿಗೂ ತುಸು ಹೆಚ್ಚೇ ನಿಂತಿರುತ್ತದೆ. ನಾನು ಮೊದಲ ಸಲ ಮೂರು ಮೀಟರ್ ಪೈಪಿನ ಕೆಳತುದಿಯ ಕ್ಲಿಪ್ಪನ್ನು, ಬಕೆಟ್ ಇಡದೆ, ಅಂಗಾತ ಮಲಗಿಕೊಂಡು ಸಡಿಲಿಸಿದ್ದೆ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಪು ಬಿಚ್ಚುವಾಗ ಹಂತ ಹಂತವಾಗಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹೊರಹೋಗುವ ಬಾಯಿಯಲ್ಲಿರುವ ವಾಲ್ವನ್ನು ಕೈಯಲ್ಲಿ ಹಿಡಿದು ನೋಡಿ. ರಬ್ಬರಿನ ಸಣ್ಣ ಟೋಪಿಯಂತಿದ್ದು ಅದರ ತುದಿಯಲ್ಲಿ ಸೀಳುಗಳಿರುತ್ತವೆ. ಹೊಸದರಲ್ಲಿ ಸೀಳಿನ ತುಟಿಗಳು ಬಿಗಿಯಾಗಿ ಕೂಡಿರುತ್ತವೆ. ಹಳೆಯದರಲ್ಲಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ತುಟಿಗಳು ಟ್ಯಾಂಕಿನತ್ತ ಮುಖ ಮಾಡಿರಬೇಕು. ತಿರುಗುಮುರುಗಾಗಿ ಕೂಡಿಸಿದರೆ ಪಂಪು ಜಪ್ಪಯ್ಯ ಎಂದರೂ ಕದಲದು. ಸೀಲುಗಳಿಗೆ ಸಿಲಿಕಾನ್ ಗ್ರೀಸ್ ಸವರಿ. ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ.

ಪೈಪಿನೊಳಗಿನ ಬಿಳಿ ಪದರ ಮೂತ್ರವೂ ಉಪ್ಪುನೀರೂ ಸೇರಿ ಕಟ್ಟುವ ಸುಣ್ಣದ ಕಲ್ಲು. ತೆಳುವಾಗಿದ್ದರೆ ರಾತ್ರಿಯಿಡೀ ವಿನೆಗರ್ ನಿಲ್ಲಿಸಿದರೆ ಕರಗುತ್ತದೆ. ದಪ್ಪವಾಗಿದ್ದರೆ ಪೈಪನ್ನು ಕಳಚಿ ದಡಕ್ಕೆ ಒಯ್ದು ಕಲ್ಲಿನ ಮೇಲೆ ಬಡಿಯಿರಿ, ಚೂರುಚೂರಾಗಿ ಉದುರುತ್ತದೆ. ಬ್ಲೀಚ್ ಸುರಿಯುವ ಅಭ್ಯಾಸ ಬಿಡಿ; ಅದು ವಾಲ್ವಿನ ರಬ್ಬರನ್ನು ಹಾಳು ಮಾಡುತ್ತದೆ, ಆಮ್ಲದ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬಿಡುತ್ತದೆ.

ಹೊಸ ಪೈಪು ಹಾಕುವುದಾದರೆ ಮಲಿನ ನೀರಿಗೆಂದೇ ತಯಾರಿಸಿದ, ವಾಸನೆ ಹೊರಬಿಡದ ಪೈಪನ್ನೇ ಕೊಳ್ಳಿ; ಇಲ್ಲಿ ಜುಗ್ಗತನ ಬೇಡ. ಹಳೆಯದನ್ನು ಎಳೆದು ಸುಸ್ತಾಗಬೇಡಿ, ಉದ್ದಕ್ಕೆ ಸೀಳಿ ಸುಲಿದು ತೆಗೆಯಿರಿ. ಹೊಸದರ ತುದಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಪಾತ್ರೆ ತೊಳೆಯುವ ದ್ರವ ಸವರಿ ತಿರುಗಿಸುತ್ತ ಒತ್ತಿದರೆ ಕೂರುತ್ತದೆ. ಪ್ರತಿ ತುದಿಗೂ ತುಕ್ಕು ಹಿಡಿಯದ ಎರಡು ಕ್ಲಿಪ್ಪುಗಳನ್ನು ಹಾಕಿ. ಪೈಪು ಎಲ್ಲೂ ಹೊಟ್ಟೆ ಬಿಡಬಾರದು. ಜೋತುಬಿದ್ದಲ್ಲಿ ಮಲಿನ ನಿಂತು ಅಲ್ಲಿಂದಲೇ ನಾತ ಶುರುವಾಗುತ್ತದೆ. ಹೊರಗಿನ ನೀರು ಹಿಂದಕ್ಕೆ ನುಗ್ಗದಂತೆ ಪೈಪನ್ನು ಮೇಲಕ್ಕೆ ಬಾಗಿಸಿ ಮಾಡಿದ ಕಮಾನು ದೋಣಿ ಎಷ್ಟೇ ವಾಲಿದರೂ ನೀರಿನ ಮಟ್ಟಕ್ಕಿಂತ 20 ಸೆಂ.ಮೀ. ಆದರೂ ಮೇಲಿರಬೇಕು. ಅದರ ನೆತ್ತಿಯ ಪುಟ್ಟ ಗಾಳಿ ವಾಲ್ವಿನಲ್ಲಿ ಉಪ್ಪು ಕಟ್ಟಿಕೊಂಡರೆ ಕಮಾನು ಇದ್ದೂ ಇಲ್ಲದಂತೆ.

ಕೊನೆಗೆ, ನಾನು ಮೊದಲೇ ಹೇಳಿದ ಗಾಳಿಕೊಳವೆ. ಟ್ಯಾಂಕಿಗೆ ಗಾಳಿ ಸಿಕ್ಕರೆ ಗಾಳಿ ಬೇಡುವ ಬ್ಯಾಕ್ಟೀರಿಯಾಗಳು ಬೆಳೆದು ನಾತ ಹತೋಟಿಯಲ್ಲಿರುತ್ತದೆ; ಉಸಿರು ಕಟ್ಟಿದರೆ ಗಂಧಕದ ದುರ್ವಾಸನೆ ಹುಟ್ಟಿಸುವವುಗಳದ್ದೇ ರಾಜ್ಯ. ಹಾಗಾಗಿ ಈ ಕೊಳವೆ ಗಿಡ್ಡವಾಗಿ, ನೇರವಾಗಿ, ಅಗಲವಾಗಿ ಇರಬೇಕು. 25 ಮಿ.ಮೀ. ಆದರೆ ಒಳ್ಳೆಯದು. ಟ್ಯಾಂಕು ತುಂಬಿ ಉಕ್ಕಿದಾಗ ಬಂದ ಕಾಗದ, ಬಾಯಿಯಲ್ಲಿ ಗೂಡು ಕಟ್ಟುವ ಹುಳ, ಇವೇ ಸಾಮಾನ್ಯ ಅಪರಾಧಿಗಳು. ಮುಚ್ಚಿದ ಗಾಳಿಕೊಳವೆಯ ಮೇಲೆ ದಡದ ಯಂತ್ರ ಹೀರಿದರೆ ಟ್ಯಾಂಕಿನ ಗೋಡೆಯೇ ಒಳಕ್ಕೆ ಕುಸಿಯಬಹುದು. ಟ್ಯಾಂಕಿನ ಕಡೆಯ ತುದಿ ಬಿಚ್ಚಿ ಬಕೆಟಿಗೆ ಹಿಡಿದು, ಹೊರಗಿನಿಂದ ನೀರು ಹಾಯಿಸಿ ನೋಡಿ. ಬಾಯಿಂದ ಊದುವ ಶೂರರಿಗೆ ನಮಸ್ಕಾರ.

ಹೊರಬಿಡುವ ತೂಬನ್ನು ಎಲ್ಲಿ ತೆರೆಯಬಹುದು ಎಂಬುದಕ್ಕೆ ಆಯಾ ನೀರಿನ ಕಾನೂನು ನೋಡಿ. ಬಿಡಬಾರದ ಕಡೆ ದಿಕ್ಕು ಬದಲಿಸುವ ವಾಲ್ವನ್ನು ಟ್ಯಾಂಕಿನತ್ತ ತಿರುಗಿಸಿ ಕಟ್ಟಿಡಿ.

ಎಲ್ಲ ಜೋಡಿಸಿದ ಮೇಲೆ ಪ್ರತಿ ಸಂದಿಗೂ ಒಣ ಟಿಶ್ಯೂ ಕಾಗದ ಸುತ್ತಿ, ಒಂದು ಬಕೆಟ್ ಸಿಹಿನೀರು ಪಂಪು ಹೊಡೆಯಿರಿ. ಎಷ್ಟು ಹೊಡೆತಕ್ಕೆ ಬಕೆಟ್ ಖಾಲಿಯಾಯಿತು ಎಂದು ಎಣಿಸಿಕೊಳ್ಳಿ. ಪೈಪಿನ ಉದ್ದಕ್ಕೆ ತಕ್ಕಂತೆ, ಮಲಿನ ಟ್ಯಾಂಕು ತಲುಪಲು ಎಷ್ಟು ಹೊಡೆತ ಬೇಕೆಂಬುದು ಆ ಲೆಕ್ಕದಿಂದಲೇ ತಿಳಿಯುತ್ತದೆ. ಆ ಸಂಖ್ಯೆಯನ್ನು ಕಮೋಡಿನ ಎದುರಿನ ಗೋಡೆಗೆ ಅಂಟಿಸಿ. ಕಾಗದಗಳನ್ನು ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಎಲ್ಲಾದರೂ ನಾಣ್ಯದಷ್ಟು ಒದ್ದೆ ಕಲೆ ಕಂಡರೆ ಆ ಕ್ಲಿಪ್ಪನ್ನು ಇನ್ನರ್ಧ ಸುತ್ತು ಬಿಗಿಯಿರಿ.